ಇಪ್ಪತ್ತೈದರಲ್ಲಿ ಒಂದು ಪಾಲು ಟೋಕಿಯೋ

ಹೋದ ತಿಂಗಳು ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗನಿಗೆ ಈಗ ಏಳು ವರ್ಷ. ಅವನಿಗೊಂದು ಸಿನಿಮಾ ತೆಗೀಬೇಕಂತೆ. ಕಥೆ ಬಹಳ ಸರಳ: ಬ್ರೇಕ್ ಫೇಲಾದ ಬಸ್ಸು ಬಂದು ಗೋಡೆಗೆ ಗುದ್ದುತ್ತೆ, ಗೋಡೆ ಬೀಳುತ್ತೆ, ಶುಭಂ. ಬಸ್ಸು ಅವನ ಆಟದ್ದು, ಗೋಡೆ ಹೊಸ ಮಿಕ್ಸಿಯ ಡಬ್ಬದೊಳಗಿದ್ದ ಥರ್ಮೋಕೋಲು, ಕ್ಯಾಮೆರಾ ನನ್ನ ಫೋನು. ಹಾಲಿನ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಶೂಟಿಂಗ್ ಮುಗಿಸಿದೆ. ನಿರ್ದೇಶಕರು ನೋಡಿ ಮುಖ ಸಿಂಡರಿಸಿದರು. "ಮಾಮ, ಇದು ಆಟದ್ ಬಸ್ಸು ಅಂತ ಗೊತ್ತಾಗ್ತಿದೆ."

ನಿಜ, ಗೊತ್ತಾಗ್ತಿತ್ತು. ಸುಮ್ಮನೆ ನೋಡೋಣ ಅಂತ ಫೋನನ್ನು ಸ್ಲೋ ಮೋಷನ್ನಿಗೆ ಹಾಕಿ ಇನ್ನೊಮ್ಮೆ ತೆಗೆದೆ. ಅದೇ ಬಸ್ಸು, ಅದೇ ಗೋಡೆ. ಆದರೆ ಈ ಸಲ ಬಸ್ಸಿಗೆ ಎಲ್ಲಿಂದಲೋ ತೂಕ ಬಂದುಬಿಟ್ಟಿತ್ತು! ಥರ್ಮೋಕೋಲಿನ ತುಂಡುಗಳು ಪುಟಪುಟನೆ ಹಾರುವ ಬದಲು ಗೋಡೆಯ ಹಾಗೆ ವಾಲಿ ಬಿದ್ದವು. ಹುಡುಗ ಬಾಯಿ ಬಿಟ್ಟುಕೊಂಡು ನೋಡಿದ. ನಾನೂ ಅಷ್ಟೇ.

ಇದು ಯಾಕೆ ಹೀಗೆ ಅಂತ ಕೆದಕುತ್ತಾ ಹೋದವನು ಕೊನೆಗೆ ಬಂದು ನಿಂತದ್ದು 1954ರ ಟೋಕಿಯೋದಲ್ಲಿ. ಗಾಡ್ಜಿಲ್ಲಾ ಹೆಸರು ಕೇಳದವರು ಯಾರಿದ್ದಾರೆ? ಆದರೆ ಆ ಮೊದಲ ಕಪ್ಪು ಬಿಳುಪು ಚಿತ್ರವನ್ನು ಕೂತು ನೋಡಿದವರು ನಮ್ಮಲ್ಲಿ ಕಮ್ಮಿ. ನಾನೂ ನೋಡಿರಲಿಲ್ಲ. ರಬ್ಬರ್ ವೇಷ ಹಾಕಿಕೊಂಡವನೊಬ್ಬ ರಟ್ಟಿನ ಮನೆ ತುಳಿಯುವ ಸಿನಿಮಾ ಅಂತ ನಗಾಡಿಕೊಂಡಿದ್ದವನು ನಾನು. ಈಗ ನಗು ಬರುವುದಿಲ್ಲ. ಯಾಕೆ ಅಂತ ಹೇಳ್ತೀನಿ.

*

ಮೊದಲು ಸ್ವಲ್ಪ ಲೆಕ್ಕ. ಹೆದರಬೇಡಿ, ಪಿಯುಸಿ ಫಿಸಿಕ್ಸು ಅಷ್ಟೇ :)

45 ಮೀಟರ್ ಎತ್ತರದಿಂದ ಒಂದು ಕಲ್ಲು ಬಿಟ್ಟರೆ ನೆಲ ಮುಟ್ಟಲು ಸುಮಾರು 3 ಸೆಕೆಂಡು ಬೇಕು. ಅದೇ ಕಟ್ಟಡವನ್ನು ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿಸಿ ಕಟ್ಟಿದರೆ ಅದರ ಎತ್ತರ 1.8 ಮೀಟರ್. ಅಲ್ಲಿಂದ ಬಿದ್ದ ಚೂರು 0.6 ಸೆಕೆಂಡಿನಲ್ಲಿ ನೆಲದಲ್ಲಿರುತ್ತೆ. ಕಟ್ಟಡವನ್ನು 25 ಪಟ್ಟು ಚಿಕ್ಕದು ಮಾಡಿದೆವು, ಬೀಳುವ ಹೊತ್ತು ಮಾತ್ರ 5 ಪಟ್ಟು ಕಡಿಮೆಯಾಯಿತು. 25ರ ವರ್ಗಮೂಲ 5. ಭೂಮಿಯ ಸೆಳೆತವನ್ನು ಯಾವ ಕಲಾ ನಿರ್ದೇಶಕನೂ ಚಿಕ್ಕದು ಮಾಡಲಾರ, ಅದಕ್ಕೆ ಈ ಫಜೀತಿ.

ನಮ್ಮ ಕಣ್ಣಿಗೆ ಈ ಸೂತ್ರ ಗೊತ್ತಿಲ್ಲ. ಆದರೆ ಹುಟ್ಟಿದಾಗಿನಿಂದ ವಸ್ತುಗಳು ಬೀಳುವುದನ್ನು ನೋಡಿ ನೋಡಿ ಅದಕ್ಕೆ ಪಳಗಿದೆ. ಬೇಗ ಬಿದ್ದರೆ ಚಿಕ್ಕದು, ನಿಧಾನವಾಗಿ ಬಿದ್ದರೆ ದೊಡ್ಡದು. ಏಳು ವರ್ಷದ ಹುಡುಗ ಬಸ್ಸನ್ನು ಕಂಡುಹಿಡಿದದ್ದೂ ಹೀಗೇ.

ಹಾಗಾದರೆ ಉಪಾಯ? ಸೆಕೆಂಡಿಗೆ 24 ಚಿತ್ರ ತೆಗೆಯುವ ಬದಲು ಅದರ ಐದು ಪಟ್ಟು, ಅಂದರೆ 120 ಚಿತ್ರ ತೆಗೆಯುವುದು. 0.6 ಸೆಕೆಂಡಿನಲ್ಲಿ 72 ಚಿತ್ರ ಸಿಕ್ಕವು. ಥಿಯೇಟರಿನಲ್ಲಿ ಅವನ್ನು ಸೆಕೆಂಡಿಗೆ 24ರಂತೆ ಓಡಿಸಿದರೆ ಸರಿಯಾಗಿ 3 ಸೆಕೆಂಡು. ಕಟ್ಟಡ ಮತ್ತೆ ದೊಡ್ಡದಾಯಿತು! ಇದೇ ವರ್ಗಮೂಲದ ಲೆಕ್ಕವನ್ನು 19ನೇ ಶತಮಾನದ ಇಂಗ್ಲೆಂಡಿನಲ್ಲಿ ವಿಲಿಯಂ ಫ್ರೂಡ್ ಎಂಬ ಎಂಜಿನಿಯರ್ ಹಡಗಿನ ಮಾದರಿಗಳನ್ನು ತೊಟ್ಟಿಯಲ್ಲಿ ಎಳೆದು ನೋಡುವಾಗ ಬಳಸಿದ್ದ. ನನ್ನ ಮೆಕ್ಯಾನಿಕಲ್ ಗೆಳೆಯರಿಗೆ ಫ್ರೂಡ್ ಸಂಖ್ಯೆ ನೆನಪಿರಬಹುದು, ಪರೀಕ್ಷೆಯ ಹಿಂದಿನ ರಾತ್ರಿಯಾದರೂ ಓದಿರುತ್ತಾರೆ.

ಆದರೆ ಎಲ್ಲವೂ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ನೀರಿನ ಹನಿ ಚಿಕ್ಕದಾಗುವುದಿಲ್ಲ, ಬೆಂಕಿಯ ನಾಲಿಗೆ ಚಿಕ್ಕದಾಗುವುದಿಲ್ಲ. ಆಟದ ಹಡಗಿನ ಪಕ್ಕ ಚಿಮ್ಮಿದ ಹನಿ ಪರದೆಯ ಮೇಲೆ ಫುಟ್‌ಬಾಲಿನಷ್ಟು ಕಂಡು ಗುಟ್ಟು ರಟ್ಟು ಮಾಡುತ್ತೆ. ಮಿನಿಯೇಚರ್ ಕೆಲಸದವರಿಗೆ ನೀರೂ ಬೆಂಕಿಯೂ ಹಳೇ ವೈರಿಗಳು.

*

ಈಗ ಮನುಷ್ಯನ ಕಥೆಗೆ ಬರೋಣ. ಹೆಸರು ಎಜಿ ತ್ಸುಬುರಾಯಾ. 1901ರಲ್ಲಿ ಫುಕುಶಿಮಾ ಪ್ರಾಂತ್ಯದ ಸುಕಗಾವಾ ಊರಿನಲ್ಲಿ ಹುಟ್ಟಿದವರು. ಚಿಕ್ಕಂದಿನಿಂದ ವಿಮಾನದ ಹುಚ್ಚು. ವಿಮಾನ ಹಾರಿಸುವ ಶಾಲೆಗೂ ಸೇರಿದ್ದರು, ಅಲ್ಲಿನ ಬೋಧಕ ಅಪಘಾತದಲ್ಲಿ ಸತ್ತು ಶಾಲೆಯೇ ಮುಚ್ಚಿಹೋಯಿತು. ಮುಂದೆ ಸಿನಿಮಾ ಕ್ಯಾಮೆರಾ ಹಿಡಿದರು. 1933ರ 'ಕಿಂಗ್ ಕಾಂಗ್' ಅವರ ತಲೆ ಕೆಡಿಸಿತು. ಅದರ ಒಂದು ಪ್ರಿಂಟ್ ತರಿಸಿಕೊಂಡು ಒಂದೊಂದೇ ಫ್ರೇಮ್ ನೋಡಿ, ಇದನ್ನು ಹೇಗೆ ಮಾಡಿದರು ಅಂತ ಬಿಡಿಸಿದರು. (ಇನ್ನೊಬ್ಬರ ಕೋಡ್ ತೆರೆದು ಸಾಲು ಸಾಲಾಗಿ ಓದಿ ಕಲಿತ ನಮ್ಮಂಥವರಿಗೆ ಈ ಸುಖ ಗೊತ್ತು.)

1941ರ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ವರ್ಷ ತುಂಬುವ ಹೊತ್ತಿಗೆ, 1942ರ ಡಿಸೆಂಬರಿನಲ್ಲಿ, ತೋಹೋ ಸ್ಟುಡಿಯೋದಿಂದ ಆ ವಿಜಯವನ್ನು ಕೊಂಡಾಡುವ ಚಿತ್ರ ಬಂತು. ನಿರ್ದೇಶಕ ಕಜಿರೋ ಯಮಾಮೊತೊ, ಮಿನಿಯೇಚರ್ ಕೆಲಸ ತ್ಸುಬುರಾಯಾ ಅವರದ್ದು. ಇಡೀ ಬಂದರನ್ನೇ ಅವರ ತಂಡ ಚಿಕ್ಕದಾಗಿ ಕಟ್ಟಿತು. ನೌಕಾಪಡೆ ತನ್ನ ಗುಟ್ಟು ಬಿಟ್ಟುಕೊಡದ್ದರಿಂದ ಪತ್ರಿಕೆಗಳಲ್ಲಿ ಬಂದ ಫೋಟೋಗಳನ್ನು ಮುಂದಿಟ್ಟುಕೊಂಡು ಅಳತೆ ಹಾಕಿದರು. ವಿಮಾನದಿಂದ ಕೆಳಗೆ ಕಾಣುವ ಸಮುದ್ರಕ್ಕೆ ನೀರು ಒಗ್ಗುವುದಿಲ್ಲ, ಆ ಹನಿಯ ತಂಟೆ ಇದೆಯಲ್ಲ! ಅದಕ್ಕೆ ಕಡಲಕಳೆಯಿಂದ ತೆಗೆಯುವ ಅಗರ್ ಕುದಿಸಿ, ಹೆಪ್ಪುಗಟ್ಟಿಸಿ, ಅದರ ಮೇಲ್ಮೈಯಲ್ಲೇ ಅಲೆ ಮೂಡಿಸಿದರು. ನಮ್ಮ ಅಡುಗೆಮನೆಯಲ್ಲಿ ಚೈನಾ ಗ್ರಾಸ್ ಅಂತ ಪುಡ್ಡಿಂಗಿಗೆ ಹಾಕ್ತೀವಲ್ಲ, ಅದೇ. ಯುದ್ಧ ಮುಗಿದ ಮೇಲೆ ಈ ಚಿತ್ರದ ತುಣುಕುಗಳನ್ನು ನೋಡಿದ ಅಮೆರಿಕನ್ನರು ನಿಜವಾದ ದಾಳಿಯ ಚಿತ್ರೀಕರಣ ಅಂದುಕೊಂಡರು ಅಂತ ಒಂದು ಕಥೆ ಚಾಲ್ತಿಯಲ್ಲಿದೆ.

ಕೈಚಳಕ ಅಷ್ಟು ಚೆನ್ನಾಗಿತ್ತು. ಆದರೆ ಅದು ದುಡಿದದ್ದು ಯುದ್ಧಕ್ಕೆ. ಚಿತ್ರ ನೋಡಿದ ಹುಡುಗರಿಗೆ ವಿಮಾನವೇರಿ ಹೋಗಬೇಕು ಅನ್ನಿಸಲಿ ಅಂತಲೇ ಅದನ್ನು ಮಾಡಿದ್ದು.

ಆಮೇಲೆ ಆದದ್ದು ಎಲ್ಲರಿಗೂ ಗೊತ್ತು. 1945ರ ಮಾರ್ಚ್ 9ರ ರಾತ್ರಿಯಿಂದ 10ರ ಬೆಳಗಿನವರೆಗೆ ಅಮೆರಿಕದ ಬಿ-29 ವಿಮಾನಗಳು ಟೋಕಿಯೋ ಮೇಲೆ ಬೆಂಕಿ ಬಾಂಬುಗಳನ್ನು ಸುರಿದವು. ಮರದ ಮನೆಗಳ ಊರು. ಒಂದೇ ರಾತ್ರಿ ಸುಮಾರು ಒಂದು ಲಕ್ಷ ಜನ ಸತ್ತರು. ಆಗಸ್ಟಿನಲ್ಲಿ ಹಿರೋಶಿಮಾ, ನಾಗಾಸಾಕಿ. ಸೋತ ಜಪಾನನ್ನು ಮಿತ್ರಪಡೆಗಳ ಆಡಳಿತ ವಹಿಸಿಕೊಂಡಾಗ ಯುದ್ಧ ಪ್ರಚಾರಕ್ಕೆ ದುಡಿದವರನ್ನು ಕೆಲಸದಿಂದ ತೆಗೆಯಲಾಯಿತು. ತ್ಸುಬುರಾಯಾ ಕೂಡ ತೋಹೋದಿಂದ ಹೊರಬಿದ್ದರು. ಸಣ್ಣಪುಟ್ಟ ಕೆಲಸ ಹಿಡಿದು ಕೆಲವು ವರ್ಷ ಕಳೆದು, ನಿಷೇಧ ಸಡಿಲಾದ ಮೇಲೆ ಮತ್ತೆ ತೋಹೋಗೆ ಬಂದರು.

*

1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು. ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿನ ಒಂದು ದೋಣಿಯ ಮೇಲೆ ಬಿಳಿ ಬೂದಿ ಬಿತ್ತು. ದೋಣಿಯಲ್ಲಿ 23 ಜನ. ಅದರ ರೇಡಿಯೋ ಆಪರೇಟರ್ ಸೆಪ್ಟೆಂಬರಿನಲ್ಲಿ ತೀರಿಕೊಂಡ. ತೋಹೋದ ನಿರ್ಮಾಪಕ ತೊಮೊಯುಕಿ ತನಾಕಾ ಅವರ ಬೇರೊಂದು ದೊಡ್ಡ ಚಿತ್ರ ಅದೇ ಹೊತ್ತಿಗೆ ಕೈಕೊಟ್ಟಿತ್ತು. ಆ ಜಾಗ ತುಂಬಲು ಅವರು ಹಿಡಿದ ಕಥೆ: ಬಾಂಬಿನಿಂದ ಎದ್ದು ಬಂದ ಒಂದು ಪ್ರಾಣಿ ಟೋಕಿಯೋಗೆ ಬರುತ್ತೆ. ನಿರ್ದೇಶಕ ಇಶಿರೋ ಹೊಂಡಾ. ಅವರು ಸೈನಿಕನಾಗಿ ಚೀನಾದಲ್ಲಿದ್ದು, ಊರಿಗೆ ಮರಳುವಾಗ ಬೂದಿಯಾದ ಹಿರೋಶಿಮಾ ನೋಡಿಕೊಂಡು ಬಂದವರು.

ತ್ಸುಬುರಾಯಾಗೆ ಕಿಂಗ್ ಕಾಂಗ್ ಥರ ಗೊಂಬೆಯನ್ನು ಒಂದೊಂದೇ ಫ್ರೇಮಿಗೆ ಜರುಗಿಸಿ ಮಾಡುವ ಆಸೆ. ಹಾಗೆ ಮಾಡಿದರೆ ಏಳು ವರ್ಷ ಬೇಕು ಅಂದರಂತೆ. ಇದ್ದದ್ದು ಕೆಲವೇ ತಿಂಗಳು. (ಡೆಡ್‌ಲೈನ್ ಎಂಬ ಭೂತ ಯಾರನ್ನೂ ಬಿಟ್ಟಿಲ್ಲ ನೋಡಿ.) ಹಾಗಾಗಿ ವೇಷದೊಳಗೆ ಮನುಷ್ಯನನ್ನು ಇಳಿಸುವುದು ಅಂತಾಯಿತು. ಅಲ್ಲಿಂದ ಮುಂದೆ ಪ್ರತಿ ಅಳತೆಯೂ ಆ ಮನುಷ್ಯನಿಂದಲೇ ಹುಟ್ಟಿತು. ಆಗ ಜಪಾನಿನಲ್ಲಿ ಕಟ್ಟಡಗಳ ಎತ್ತರಕ್ಕೆ 31 ಮೀಟರಿನ ಮಿತಿ ಇತ್ತು. ಅವುಗಳ ತಲೆ ಮೇಲೆ ಕಾಣಬೇಕಾದರೆ ಪ್ರಾಣಿ 50 ಮೀಟರ್ ಇರಬೇಕು. ವೇಷದ ಎತ್ತರ ಸುಮಾರು 2 ಮೀಟರ್. ಐವತ್ತನ್ನು ಎರಡರಿಂದ ಭಾಗಿಸಿ. ಟೋಕಿಯೋ ಇಪ್ಪತ್ತೈದರಲ್ಲಿ ಒಂದು ಪಾಲಾದದ್ದು ಹೀಗೆ. ಪಾರ್ಲಿಮೆಂಟ್ ಕಟ್ಟಡ ಮಾತ್ರ 65 ಮೀಟರ್, ಪ್ರಾಣಿಗಿಂತ ಎತ್ತರ! ಅದನ್ನೊಂದನ್ನು ಇನ್ನೂ ತಗ್ಗಿಸಿ ಮೂವತ್ತಮೂರರಲ್ಲಿ ಒಂದು ಪಾಲಿಗೆ ಕಟ್ಟಿದರು.

ಆಗಸ್ಟಿನ ಸೆಖೆಯಲ್ಲಿ ಮಿನಿಯೇಚರ್ ಚಿತ್ರೀಕರಣ ಶುರುವಾಯಿತು. ಈಗ ಆ ಹಳೇ ಲೆಕ್ಕಕ್ಕೆ ಬನ್ನಿ. ಕ್ಯಾಮೆರಾವನ್ನು ಐದು ಪಟ್ಟು ವೇಗವಾಗಿ ಓಡಿಸಿದರೆ ಪ್ರತಿ ಫ್ರೇಮಿಗೆ ಬೀಳುವ ಬೆಳಕು ಐದರಲ್ಲಿ ಒಂದು ಪಾಲು. ಸಾಲದ್ದಕ್ಕೆ ಮುಂದಿನ ಮನೆಯಿಂದ ಹಿಂದಿನ ಬೀದಿಯವರೆಗೆ ಎಲ್ಲವೂ ಸ್ಪಷ್ಟವಾಗಿರಬೇಕಾದರೆ ಲೆನ್ಸಿನ ಕಿಂಡಿಯನ್ನೂ ಕಿರಿದು ಮಾಡಬೇಕು. ಎರಡಕ್ಕೂ ಸೇರಿಸಿ ಕಣ್ಣು ಕುಕ್ಕುವಷ್ಟು ದೀಪ ಹಾಕಬೇಕು. ದೀಪ ಅಂದರೆ ಶಾಖ. ಆ ಶಾಖದ ನಡುವೆ ಹರುವೊ ನಕಾಜಿಮಾ ಎಂಬ ನಟ ವೇಷದೊಳಗೆ. ಮೊದಲು ಮಾಡಿದ ವೇಷ ಸುಮಾರು 100 ಕೆಜಿ, ಹತ್ತು ಹೆಜ್ಜೆ ಹಾಕುವುದೇ ಕಷ್ಟ. ಹಾಗಾಗಿ ಇನ್ನೊಂದು ಮಾಡಬೇಕಾಯಿತು. ಅದರೊಳಗೂ ಬೆವರು ಹರಿದು ಲೋಟದಲ್ಲಿ ಬಸಿಯುವಂತಾಗುತ್ತಿತ್ತು. ಕಾಗದದ ಮೇಲಿನ ಒಂದು ವರ್ಗಮೂಲ ಕೊನೆಗೆ ಒಬ್ಬ ಮನುಷ್ಯನ ಮೈಯಿಂದ ಬೆವರಾಗಿ ಇಳಿಯಿತು.

ಬೀಳಬೇಕಾದ ಕಟ್ಟಡಗಳಿಗೆ ಮೊದಲೇ ಒಳಗೆ ಸೀಳು ಬಿಟ್ಟು ತಕ್ಕ ಜಾಗದಲ್ಲಿ ಮುರಿಯುವಂತೆ ಮಾಡುತ್ತಿದ್ದರು. ವಿದ್ಯುತ್ ಗೋಪುರಗಳು ಪ್ರಾಣಿಯ ಉಸಿರಿಗೆ ಕರಗಿ ಬಾಗುವ ದೃಶ್ಯ ಇದೆ. ಅವು ಮೇಣದವು. ದೀಪದ ಬಿಸಿಗೆ ನಿಜವಾಗಿ ಕರಗಿದವು. ಎಲ್ಲಿಂದ ಎಲ್ಲಿಗೆ ಊರು ಸುಡಬೇಕು ಅಂತ ಹೊಂಡಾ ಮತ್ತು ತಂಡದವರು ಗಿಂಜಾದ ಒಂದು ದೊಡ್ಡ ಅಂಗಡಿಯ ಟೆರೇಸಿನ ಮೇಲೆ ನಿಂತು ಮಾತಾಡುತ್ತಿದ್ದಾಗ, ಕೇಳಿಸಿಕೊಂಡ ಕಾವಲಿನವರು ಗಾಬರಿಯಾಗಿ ತಡೆದು ವಿಚಾರಿಸಿದರಂತೆ!

ನಗು ಬರುತ್ತೆ. ಆದರೆ ಸ್ವಲ್ಪ ಯೋಚನೆ ಮಾಡಿ. ಆ ಕಾವಲಿನವರು, ಆ ಬಡಗಿಗಳು, ಪ್ಲಾಸ್ಟರ್ ಕಲಸುವವರು, ಎಲ್ಲರೂ ಒಂಬತ್ತು ವರ್ಷದ ಹಿಂದೆ ಸುಟ್ಟ ಊರು ನೋಡಿದ್ದ ತಲೆಮಾರಿನವರು. ಈಗಷ್ಟೇ ಮತ್ತೆ ಎದ್ದು ನಿಂತ ಬೀದಿಗಳನ್ನು ಅಳೆದು, ಕಿಟಕಿ ಬಾಗಿಲು ಸಮೇತ ಕೈಯಾರೆ ಕಟ್ಟಿ, ಮತ್ತೆ ಬೆಂಕಿ ಇಡುತ್ತಿದ್ದರು.

ಚಿತ್ರ 1954ರ ನವೆಂಬರ್ 3ರಂದು ಬಿಡುಗಡೆಯಾಯಿತು. ಸುಮಾರು 96 ಲಕ್ಷ ಜನ ನೋಡಿದರು. ಮೊನ್ನೆ ರಾತ್ರಿ ನಾನೂ ನೋಡಿದೆ. ಊರು ಉರಿಯುವಾಗ ಗೋಡೆಯ ಬುಡದಲ್ಲಿ ಒಬ್ಬ ತಾಯಿ ಮಕ್ಕಳನ್ನು ತಬ್ಬಿಕೊಂಡು ಕೂತಿದ್ದಾಳೆ. ಇನ್ನೇನು ಅಪ್ಪ ಇರುವಲ್ಲಿಗೆ ಹೋಗಿಬಿಡ್ತೀವಿ ಅಂತ ಸಮಾಧಾನ ಹೇಳ್ತಾಳೆ. ಅಪ್ಪ ಎಲ್ಲಿ ಹೋದ ಅಂತ ಸಿನಿಮಾ ಹೇಳುವುದಿಲ್ಲ, 1954ರ ಪ್ರೇಕ್ಷಕರಿಗೆ ಹೇಳಬೇಕಾಗಿಯೂ ಇರಲಿಲ್ಲ. ಆ ತಾಯಿಯ ಹಿಂದೆ ಉರಿಯುವ ಊರು ರಟ್ಟಿನದ್ದು, ಪ್ಲಾಸ್ಟರಿನದ್ದು ಅಂತ ಲೆಕ್ಕ ಸಮೇತ ಗೊತ್ತಿದ್ದ ನನಗೆ ಆ ಹೊತ್ತಿಗೆ ಅದು ನೆನಪೇ ಆಗಲಿಲ್ಲ.

ನನ್ನನ್ನು ಕಾಡುತ್ತಿರುವುದು ಇದು: 1942ರಲ್ಲಿ ಬಂದರು ಸುಟ್ಟದ್ದೂ 1954ರಲ್ಲಿ ಟೋಕಿಯೋ ಸುಟ್ಟದ್ದೂ ಅದೇ ಕೈ, ಅದೇ ಲೆಕ್ಕ. ಮೊದಲನೆಯ ಚಿತ್ರದಲ್ಲಿ ಕ್ಯಾಮೆರಾ ಬಾಂಬು ಹಾಕುವವರ ಜೊತೆ ಆಕಾಶದಲ್ಲಿತ್ತು. ಎರಡನೆಯದರಲ್ಲಿ ಕೆಳಗೆ, ಬೀದಿಯಲ್ಲಿ, ಓಡುವ ಜನರ ಜೊತೆ ನಿಂತಿತು. ಕಸುಬು ತಾನಾಗಿ ಕೇಳುವುದಿಲ್ಲ, ನನ್ನನ್ನು ಯಾಕೆ ಬಳಸ್ತಿದೀಯ ಅಂತ. ದಿನವಿಡೀ ಕೋಡ್ ಬರೆಯುವ ನಾವು, ಅದು ಕೊನೆಗೆ ಎಲ್ಲಿ ಓಡುತ್ತೆ, ಯಾರ ಮೇಲೆ ಓಡುತ್ತೆ ಅಂತ ಎಷ್ಟು ಸಲ ಕೇಳಿದ್ದೀವಿ? ನಾನಂತೂ ಇಲ್ಲಿಯವರೆಗೆ ಒಂದು ಸಲವೂ ಕೇಳಿಲ್ಲ.

*

ತ್ಸುಬುರಾಯಾ 1970ರ ಜನವರಿಯಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರದ್ದೇ ಸಂಸ್ಥೆ ಕಟ್ಟಿ, 1966ರಲ್ಲಿ 'ಅಲ್ಟ್ರಾಮ್ಯಾನ್' ಟಿವಿ ಸರಣಿಯನ್ನು ಮಕ್ಕಳ ಕೈಗಿಟ್ಟಿದ್ದರು. ಅವರ ಹುಟ್ಟೂರು ಸುಕಗಾವಾದಲ್ಲಿ 2019ರಲ್ಲಿ ಅವರ ಹೆಸರಿನ ಮ್ಯೂಸಿಯಂ ಶುರುವಾಯಿತು. 2020ರಲ್ಲಿ ಅದೇ ಊರಿನಲ್ಲಿ ಹಳೇ ಮಿನಿಯೇಚರುಗಳನ್ನು ಉಳಿಸಿಡಲು ಒಂದು ಸಂಗ್ರಹಾಲಯವೂ ಆಯಿತು. ಒಡೆಯಲೆಂದೇ ಕಟ್ಟಿದ ವಸ್ತುಗಳಲ್ಲಿ ಉಳಿದದ್ದೆಷ್ಟೋ ಅಷ್ಟು. 2024ರಲ್ಲಿ 'ಗಾಡ್ಜಿಲ್ಲಾ ಮೈನಸ್ ಒನ್' ಚಿತ್ರಕ್ಕೆ ವಿಷುಯಲ್ ಎಫೆಕ್ಟ್ಸ್ ಆಸ್ಕರ್ ಬಂತು, ಗಾಡ್ಜಿಲ್ಲಾಗೆ ಸಿಕ್ಕ ಮೊದಲ ಆಸ್ಕರ್ ಅದು. ಹೆಚ್ಚಿನ ಕೆಲಸ ಕಂಪ್ಯೂಟರಿನಲ್ಲೇ ಆದದ್ದು, ಮಾಡಿದವರು 35 ಜನ. ಕಥೆ ನಡೆಯುವುದು ಮಾತ್ರ ಮತ್ತೆ ಅಲ್ಲೇ, ಯುದ್ಧದಲ್ಲಿ ಸುಟ್ಟುಹೋದ ಟೋಕಿಯೋದಲ್ಲಿ.

ಹೋದ ಭಾನುವಾರ ಮತ್ತೆ ಅಕ್ಕನ ಮನೆಗೆ ಹೋಗಿದ್ದೆ. ಈ ಸಲ ಥರ್ಮೋಕೋಲಿನ ಗೋಡೆ ಬೇಡ, ಸರಿಯಾಗಿ ಮನೆ ಕಟ್ಟೋಣ ಅಂತ ಚಪ್ಪಲಿ ಡಬ್ಬ ಕತ್ತರಿಸಿ ಕೂತೆವು. ಹುಡುಗ ಕಿಟಕಿ ಕೊರೆದ, ಸರಳು ಅಂಟಿಸಿದ, ಬಾಗಿಲ ಮುಂದೆ ಸ್ಕೆಚ್ ಪೆನ್ನಿನಲ್ಲಿ ರಂಗೋಲಿ ಬಿಡಿಸಿದ, ಒಂದು ತುಳಸಿಕಟ್ಟೆಯೂ ಆಯಿತು. ಸಂಜೆ ಫೋನ್ ಹಿಡಿದು ನೆಲದ ಮೇಲೆ ಮಲಗಿ, "ರೆಡಿ, ಬಿಡೋ ಬಸ್ಸು" ಅಂದೆ.

ಬಸ್ಸು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಿದ್ದ. ಆಮೇಲೆ, "ಬೇಡ ಮಾಮ, ಇವತ್ತು ಬಸ್ಸಿಗೆ ಬ್ರೇಕ್ ಸರಿಯಾಗಿದೆ" ಅಂದ.