ಕಿವಿಗೆ ಬಿಟ್ಟ ಎಣ್ಣೆ ಎಲ್ಲಿಯವರೆಗೆ ಹೋಗುತ್ತದೆ? ಕಿವಿಯ ಒಳರಚನೆಯಲ್ಲೇ ಇದೆ ಉತ್ತರ

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ರಾತ್ರಿ ಮಲಗುವಾಗ ಕಿವಿಗೆ ಎರಡು ಹನಿ ಬಿಟ್ಟರೆ ಕಿವುಡುತನ ಮಾಯವಾಗುತ್ತದೆ, ಕಿವಿಯ ನರ ಚುರುಕಾಗುತ್ತದೆ ಎನ್ನುವ ಸಂದೇಶ ಒಂದಲ್ಲ ಒಂದು ರೂಪದಲ್ಲಿ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಕೆಲವು ಸಂದೇಶಗಳಲ್ಲಿ ಎಣ್ಣೆಯ ಬದಲು ಈರುಳ್ಳಿ ರಸ ಇರುತ್ತದೆ, ಕೆಲವುದರಲ್ಲಿ ತುಳಸಿ ರಸ. ಔಷಧ ಬದಲಾದರೂ ಕೊಡುವ ಭರವಸೆ ಒಂದೇ.

ಚುಟುಕಾಗಿ ಹೇಳುವುದಾದರೆ, ಇದು ಸುಳ್ಳು. ತಮಟೆ ಗಟ್ಟಿಯಾಗಿರುವ ಕಿವಿಯಲ್ಲಿ ಎಣ್ಣೆ ಸುಮಾರು ಎರಡೂವರೆ ಸೆಂಟಿಮೀಟರ್ ಒಳಗೆ ಹೋಗಿ ನಿಂತುಬಿಡುತ್ತದೆ. ಶಬ್ದವನ್ನು ಗ್ರಹಿಸುವ ಜೀವಕೋಶಗಳು ಇರುವುದು ಅದಕ್ಕಿಂತ ಇನ್ನೂ ಒಳಗೆ, ಮೂಳೆಯೊಳಗೆ ಹುದುಗಿರುವ ಮುಚ್ಚಿದ ಕೊಳವೆಯಲ್ಲಿ. ಇದು ಹೇಗೆಂದು ತಿಳಿಯಲು ಹೊರಗಿನಿಂದ ಒಳಗೆ ಒಂದೊಂದೇ ಹಂತ ನೋಡೋಣ.

ಹೊರಗೆ ಕಾಣುವ ಕಿವಿ

ನಾವು ಸಾಮಾನ್ಯವಾಗಿ ಕಿವಿ ಎಂದು ಕರೆಯುವುದು ಹೊರಗಿವಿಯ ಒಂದು ಭಾಗ ಮಾತ್ರ. ಅದನ್ನು ಮಡಚಿ ಬಿಟ್ಟರೆ ತಕ್ಷಣ ಮೊದಲಿನ ಆಕಾರಕ್ಕೆ ಮರಳುತ್ತದೆ. ಚರ್ಮದ ಕೆಳಗಿರುವ ಮೃದ್ವಸ್ಥಿಯಲ್ಲಿ ಹಿಗ್ಗಿ ಕುಗ್ಗುವ ನಾರುಗಳು ಹೆಣೆದುಕೊಂಡಿರುವುದೇ ಇದಕ್ಕೆ ಕಾರಣ. ಓಲೆ ಹಾಕುವ ಕೆಳಗಿನ ಮೆತ್ತನೆ ಭಾಗದಲ್ಲಿ ಮಾತ್ರ ಮೃದ್ವಸ್ಥಿ ಇಲ್ಲ. ಅಲ್ಲಿರುವುದು ಕೊಬ್ಬು ಮತ್ತು ನಾರಿನ ಅಂಗಾಂಶ.

ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ಅದರ ಮೇಲೆ ಅಂಟಿಕೊಂಡಿರುವ ತೆಳು ಪೊರೆಯಿಂದಲೇ ಆಹಾರ ಸಿಗಬೇಕು. ಆದ್ದರಿಂದ ಕಿವಿಯ ಮೇಲ್ಭಾಗಕ್ಕೆ ಚುಚ್ಚಿಸಿಕೊಂಡಾಗ ಸೋಂಕಾದರೆ ಅದು ಬೇಗ ವಾಸಿಯಾಗುವುದಿಲ್ಲ, ಕಿವಿಯ ಆಕಾರವೇ ಕೆಡಬಹುದು. ಕುಸ್ತಿಪಟುಗಳ ಕಿವಿ ಮುದ್ದೆಯಾಗಿ ಕಾಣುವುದೂ ಇದೇ ಕಾರಣಕ್ಕೆ. ಪೆಟ್ಟು ಬಿದ್ದು ಪೊರೆಯ ಕೆಳಗೆ ರಕ್ತ ಸೇರಿಕೊಂಡರೆ ಮೃದ್ವಸ್ಥಿಗೆ ಪೋಷಣೆ ತಪ್ಪುತ್ತದೆ.

ಕಿವಿ ನಾಳ: ತನ್ನನ್ನು ತಾನೇ ಗುಡಿಸಿಕೊಳ್ಳುವ ಓಣಿ

ಕಿವಿಯ ತೂತಿನಿಂದ ತಮಟೆಯವರೆಗಿನ ನಾಳ ದೊಡ್ಡವರಲ್ಲಿ ಸುಮಾರು 2.5 ಸೆಂಟಿಮೀಟರ್ ಉದ್ದವಿದ್ದು, ಸ್ವಲ್ಪ ಡೊಂಕಾಗಿರುತ್ತದೆ. ಇದರ ಹೊರಗಿನ ಮೂರನೇ ಒಂದು ಭಾಗ ಮೃದ್ವಸ್ಥಿಯಿಂದ, ಒಳಗಿನ ಮೂರನೇ ಎರಡು ಭಾಗ ಮೂಳೆಯಿಂದ ಆಗಿದೆ. ಎರಡು ಕಡೆಯ ಚರ್ಮವೂ ಬೇರೆ ಬೇರೆ. ಹೊರಭಾಗದ ಚರ್ಮ ದಪ್ಪ. ಅದರಲ್ಲಿ ಕೂದಲು, ಎಣ್ಣೆ ಗ್ರಂಥಿ ಮತ್ತು ಬೆವರು ಗ್ರಂಥಿಯ ಜಾತಿಗೇ ಸೇರಿದ ವಿಶೇಷ ಗ್ರಂಥಿಗಳಿವೆ. ಈ ಗ್ರಂಥಿಗಳ ರಸಕ್ಕೆ ಉದುರಿದ ಚರ್ಮದ ಪುಡಿ ಸೇರಿ ಆಗುವುದೇ ಗುಗ್ಗೆ. ಒಳಭಾಗದ ಚರ್ಮ ಕಾಗದದಷ್ಟು ತೆಳುವಾಗಿ ಮೂಳೆಗೇ ಅಂಟಿಕೊಂಡಿರುತ್ತದೆ. ಅಲ್ಲಿ ಕೂದಲೂ ಇಲ್ಲ, ಗ್ರಂಥಿಯೂ ಇಲ್ಲ.

ಅಂದರೆ ಗುಗ್ಗೆ ಹುಟ್ಟುವುದು ನಾಳದ ಹೊರಭಾಗದಲ್ಲಿ ಮಾತ್ರ. ತಮಟೆಯ ಹತ್ತಿರ ಗುಗ್ಗೆ ಗಟ್ಟಿಯಾಗಿ ಕೂತಿದ್ದರೆ, ಸಾಮಾನ್ಯವಾಗಿ ಅದನ್ನು ಅಲ್ಲಿಗೆ ತಳ್ಳಿರುವುದು ಇಯರ್‌ಬಡ್, ಪಿನ್ನು ಅಥವಾ ಬೆಂಕಿಕಡ್ಡಿಯೇ.

ನಾಳದ ಚರ್ಮಕ್ಕೆ ಇನ್ನೊಂದು ಗುಣವಿದೆ. ದೇಹದ ಬೇರೆ ಕಡೆ ಚರ್ಮದ ಹಳೆಯ ಪದರ ಇದ್ದಲ್ಲೇ ಉದುರುತ್ತದೆ. ಇಲ್ಲಿ ಹಾಗಲ್ಲ. ತಮಟೆಯ ನಡುವಿನಿಂದ ಶುರುವಾಗಿ ಚರ್ಮದ ಮೇಲ್ಪದರ ದಿನಕ್ಕೆ ಸುಮಾರು 0.1 ಮಿಲಿಮೀಟರ್‌ನಷ್ಟು ಹೊರಗಡೆಗೆ ಸರಿಯುತ್ತಲೇ ಇರುತ್ತದೆ. ಹೆಚ್ಚುಕಡಿಮೆ ಕೈಯುಗುರು ಬೆಳೆಯುವ ವೇಗ ಇದು. ಧೂಳು, ಗುಗ್ಗೆ ಎಲ್ಲವನ್ನೂ ಈ ಚರ್ಮ ಹೊರಗೆ ಸಾಗಿಸುತ್ತದೆ. ನಾವು ಅಗಿಯುವಾಗ, ಮಾತಾಡುವಾಗ ದವಡೆಯ ಚಲನೆಯೂ ಅದಕ್ಕೆ ನೆರವಾಗುತ್ತದೆ.

ಹಾಗಾಗಿ ಗುಗ್ಗೆ ಕೊಳೆಯಲ್ಲ. ಅದು ಚರ್ಮ ಒಣಗದಂತೆ, ನೀರು ಇಂಗದಂತೆ ಕಾಯುತ್ತದೆ. ಅದರ ಹುಳಿ ಗುಣ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳ ಬೆಳವಣಿಗೆಯನ್ನು ತಡೆಯುತ್ತದೆ. ಕಿವಿಯಲ್ಲಿ ಮೇಣದ ಕೊಳವೆ ಇಟ್ಟು ಹೊತ್ತಿಸಿದರೆ ಗುಗ್ಗೆ ಎಳೆದುಕೊಳ್ಳುತ್ತದೆ ಎನ್ನುವ ವಿಡಿಯೋಗಳೂ ಸುಳ್ಳೇ. ಕೊನೆಗೆ ಬಿಚ್ಚಿ ತೋರಿಸುವ ಕಂದು ಪುಡಿ ಆ ಮೇಣದ್ದೇ ಅವಶೇಷ.

ತಮಟೆ: ಎಣ್ಣೆ ನಿಲ್ಲುವ ಜಾಗ

ನಾಳದ ಕೊನೆಯಲ್ಲಿ ಇರುವುದು ಕಿವಿ ತಮಟೆ. ಅಗಲ ಒಂದು ಸೆಂಟಿಮೀಟರ್‌ಗಿಂತ ತುಸು ಕಡಿಮೆ, ದಪ್ಪ ಸುಮಾರು 0.1 ಮಿಲಿಮೀಟರ್. ಇಷ್ಟು ತೆಳುವಿದ್ದರೂ ಅದರಲ್ಲಿ ಮೂರು ಪದರಗಳಿವೆ. ಹೊರಗೆ ಚರ್ಮ, ನಡುವೆ ಗಟ್ಟಿ ನಾರುಗಳ ಜಾಲ, ಒಳಗೆ ಲೋಳೆಪೊರೆ. ನಡುವಿನ ನಾರುಗಳು ಕೆಲವು ಚಕ್ರದ ಅರೆಕಾಲಿನಂತೆ, ಕೆಲವು ಸುತ್ತು ಬಳೆಯಂತೆ ಹರಡಿರುವುದರಿಂದ ತಮಟೆ ಬಿಗಿಯಾಗಿ ನಿಂತು ಶಬ್ದಕ್ಕೆ ಕಂಪಿಸುತ್ತದೆ.

ತಮಟೆ ಗಟ್ಟಿಯಾಗಿದ್ದರೆ ಎಣ್ಣೆ ಅದನ್ನು ದಾಟುವುದಿಲ್ಲ. ತಮಟೆಯಲ್ಲಿ ತೂತಿದ್ದರೆ ದಾಟುತ್ತದೆ, ಆದರೆ ಆಗ ಲಾಭಕ್ಕಿಂತ ಅಪಾಯವೇ ಹೆಚ್ಚು. ಅಡುಗೆಮನೆಯ ಎಣ್ಣೆ, ಸೊಪ್ಪಿನ ರಸ ಯಾವುದೂ ಸೋಂಕುರಹಿತವಲ್ಲ. ಅವುಗಳ ಜೊತೆ ಸೂಕ್ಷ್ಮಜೀವಿಗಳೂ ನಡುಗಿವಿಗೆ ಇಳಿಯುತ್ತವೆ. ಕಿವಿ ಸೋರುವವರಿಗೆ ಎಣ್ಣೆ ಬಿಡಲೇಬಾರದು ಎಂದು ವೈದ್ಯರು ಹೇಳುವುದು ಇದಕ್ಕೇ.

ನಡುಗಿವಿ: ಮೂರು ಪುಟ್ಟ ಮೂಳೆಗಳ ಕೆಲಸ

ತಮಟೆಯ ಆಚೆಗೆ ಗಾಳಿ ತುಂಬಿದ ಚಿಕ್ಕ ಕೋಣೆ ಇದೆ. ಅಲ್ಲಿ ಸುತ್ತಿಗೆ, ಅಡಿಗಲ್ಲು ಮತ್ತು ಕುದುರೆ ಸವಾರರ ರಿಕಾಪು ಹೋಲುವ ಮೂರು ಮೂಳೆಗಳು ಒಂದಕ್ಕೊಂದು ಕೊಂಡಿಯಾಗಿವೆ. ರಿಕಾಪು ಮೂಳೆ ಸುಮಾರು 3 ಮಿಲಿಮೀಟರ್ ಉದ್ದ, ನಮ್ಮ ದೇಹದಲ್ಲೇ ಅತಿ ಚಿಕ್ಕದು.

ಇವು ಯಾಕೆ ಬೇಕು? ಕೆರೆಯಲ್ಲಿ ಮುಳುಗಿದವರಿಗೆ ದಡದಲ್ಲಿ ನಿಂತು ಕೂಗಿದ್ದು ಸರಿಯಾಗಿ ಕೇಳುವುದಿಲ್ಲ, ಏಕೆಂದರೆ ಗಾಳಿಯಲ್ಲಿ ಬಂದ ಶಬ್ದದ ಬಹುಪಾಲು ನೀರಿಗೆ ತಾಗಿ ಹಿಂದಕ್ಕೆ ಹೋಗುತ್ತದೆ. ಒಳಗಿವಿಯಲ್ಲಿ ಇರುವುದೂ ದ್ರವವೇ. ತಮಟೆಯ ಮೇಲೆ ಬಿದ್ದ ಒತ್ತಡವನ್ನು ಈ ಮೂಳೆಗಳು ಅದಕ್ಕಿಂತ ಸುಮಾರು 17 ಪಟ್ಟು ಚಿಕ್ಕದಾದ ಕಿಟಕಿಯ ಮೇಲೆ ಕೇಂದ್ರೀಕರಿಸುತ್ತವೆ. ಜೊತೆಗೆ ಸನ್ನೆಕೋಲಿನಂತೆಯೂ ಕೆಲಸ ಮಾಡುತ್ತವೆ. ಒಟ್ಟಾರೆ ಒತ್ತಡ ಸುಮಾರು 20 ಪಟ್ಟು ಹೆಚ್ಚುತ್ತದೆ.

ನಡುಗಿವಿಯಿಂದ ಮೂಗಿನ ಹಿಂಭಾಗಕ್ಕೆ ಒಂದು ನಳಿಕೆ ಇದೆ. ಘಾಟಿ ಹತ್ತುವಾಗ ಕಿವಿ ಕಟ್ಟಿ, ಎಂಜಲು ನುಂಗಿದಾಗ ಬಿಟ್ಟಂತಾಗುವುದು ಈ ನಳಿಕೆ ತೆರೆದುಕೊಳ್ಳುವುದರಿಂದ. ಮಕ್ಕಳಲ್ಲಿ ಇದು ಗಿಡ್ಡ ಮತ್ತು ಹೆಚ್ಚು ಅಡ್ಡಲಾಗಿರುವುದರಿಂದ ನೆಗಡಿಯ ಸೋಂಕು ಸುಲಭವಾಗಿ ಕಿವಿಗೆ ಏರುತ್ತದೆ. ಮಗುವಿನ ಕಿವಿನೋವಿನ ಮೂಲ ಬಹಳ ಸಲ ಮೂಗಿನಲ್ಲಿರುತ್ತದೆ. ಕಿವಿಗೆ ಬಿಟ್ಟ ಎಣ್ಣೆ ಅದನ್ನು ಮುಟ್ಟುವುದೂ ಇಲ್ಲ.

ಒಳಗಿವಿ: ಕೇಳುವುದು ನಡೆಯುವ ಜಾಗ

ತಲೆಬುರುಡೆಯ ಅತ್ಯಂತ ಗಟ್ಟಿ ಮೂಳೆಯೊಳಗೆ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತಿಗೂ ತುಸು ಹೆಚ್ಚು ಸುತ್ತಿಕೊಂಡ ಕೊಳವೆಯೇ ಕಾಕ್ಲಿಯಾ. ಬಿಡಿಸಿ ಎಳೆದರೆ ಸುಮಾರು 35 ಮಿಲಿಮೀಟರ್ ಉದ್ದ. ನಡುಗಿವಿಯ ಕಡೆಗೆ ಇದಕ್ಕೆ ಎರಡು ಕಿಟಕಿಗಳಿವೆ. ಒಂದನ್ನು ರಿಕಾಪು ಮೂಳೆಯ ಪಾದ ಮುಚ್ಚಿದೆ, ಇನ್ನೊಂದನ್ನು ತೆಳು ಪೊರೆ ಮುಚ್ಚಿದೆ. ಕೆಲವು ಸಂದರ್ಭಗಳಲ್ಲಿ ಇಎನ್‌ಟಿ ವೈದ್ಯರು ಸ್ಟಿರಾಯ್ಡ್ ಔಷಧವನ್ನು ಈ ಪೊರೆಯ ಮೂಲಕ ಒಳಗಿವಿಗೆ ಇಳಿಸುತ್ತಾರೆ. ಆದರೆ ಅದಕ್ಕಾಗಿ ಅವರು ಸೂಜಿಯಿಂದ ತಮಟೆ ಚುಚ್ಚಿ ಔಷಧವನ್ನು ನಡುಗಿವಿಗೆ ತಲುಪಿಸಬೇಕಾಗುತ್ತದೆ. ಹೊರಗಿನಿಂದ ಹನಿ ಬಿಟ್ಟರೆ ಸಾಕಾಗುತ್ತಿದ್ದರೆ ಸೂಜಿಯ ಅಗತ್ಯವೇ ಇರುತ್ತಿರಲಿಲ್ಲ.

ಕಾಕ್ಲಿಯಾದ ಉದ್ದಕ್ಕೂ ಒಂದು ಪೊರೆ ಹಾಸಿದೆ. ಅದರ ಮೇಲೆ ಕೇಳುವ ಜೀವಕೋಶಗಳು ಸಾಲಾಗಿ ನಿಂತಿವೆ. ಇಟಲಿಯ ಅಲ್ಫಾನ್ಸೋ ಕಾರ್ಟಿ 1851ರಲ್ಲಿ ಸೂಕ್ಷ್ಮದರ್ಶಕದಲ್ಲಿ ಕಂಡು ವಿವರಿಸಿದ್ದರಿಂದ ಇದಕ್ಕೆ ಕಾರ್ಟಿಯ ಅಂಗ ಎಂದೇ ಹೆಸರು. ಪ್ರತಿ ಕೋಶದ ತಲೆಯ ಮೇಲೆ ಕೂದಲಿನಂಥ ಸೂಕ್ಷ್ಮ ಎಳೆಗಳಿವೆ, ಹಾಗಾಗಿ ಇವನ್ನು ಕೂದಲು ಕೋಶಗಳು ಎನ್ನುತ್ತಾರೆ. ಒಂದು ಸಾಲಿನಲ್ಲಿ ಸುಮಾರು 3,500 ಒಳಕೋಶಗಳು, ಸಾಮಾನ್ಯವಾಗಿ ಮೂರು ಸಾಲಿನಲ್ಲಿ ಸುಮಾರು 12,000 ಹೊರಕೋಶಗಳು. ಮಿದುಳಿಗೆ ಸುದ್ದಿ ಮುಟ್ಟಿಸುವುದು ಮುಖ್ಯವಾಗಿ ಒಳಕೋಶಗಳು. ಹೊರಕೋಶಗಳು ಶಬ್ದಕ್ಕೆ ತಕ್ಕಂತೆ ಉದ್ದ ಗಿಡ್ಡವಾಗುತ್ತಾ ಸಣ್ಣ ಶಬ್ದವನ್ನು ಹಿಗ್ಗಿಸಿ ಕೊಡುತ್ತವೆ.

ಪೊರೆಯ ಬುಡದ ಭಾಗ ಕೀರಲು ಶಬ್ದಕ್ಕೆ, ತುದಿಯ ಭಾಗ ಗಡಸು ಶಬ್ದಕ್ಕೆ ಕಂಪಿಸುತ್ತದೆ. ಇದನ್ನು ತೋರಿಸಿಕೊಟ್ಟ ಗಿಯೋರ್ಗ್ ಫಾನ್ ಬೆಕೆಸಿ ಅವರಿಗೆ 1961ರಲ್ಲಿ ನೊಬೆಲ್ ಬಂತು. ಕಂಪನದಿಂದ ಎಳೆಗಳು ಬಾಗಿದಾಗ ಕೋಶದಲ್ಲಿ ಸಣ್ಣ ಬಾಗಿಲುಗಳು ತೆರೆದು, ಸುತ್ತಲಿನ ದ್ರವದಿಂದ ಪೊಟ್ಯಾಸಿಯಂ ಒಳನುಗ್ಗುತ್ತದೆ. ಅಲ್ಲಿಂದ ಹೊರಡುವ ವಿದ್ಯುತ್ ಸಂಕೇತವೇ ಮಿದುಳಿಗೆ ಶಬ್ದವಾಗಿ ತಲುಪುತ್ತದೆ.

ಸತ್ತರೆ ಮರಳಿ ಬಾರದ ಕೋಶಗಳು

ಕಣ್ಣಿನ ಪರದೆಯಲ್ಲಿ ಬೆಳಕು ಗ್ರಹಿಸುವ ಕೋಶಗಳು 10 ಕೋಟಿಗೂ ಹೆಚ್ಚು. ಒಂದು ಕಿವಿಯಲ್ಲಿ ಕೇಳುವ ಕೋಶಗಳು ಹದಿನೈದು ಸಾವಿರದ ಆಸುಪಾಸು ಅಷ್ಟೇ. ಹುಟ್ಟುವಾಗ ಎಷ್ಟಿವೆಯೋ ಅಷ್ಟೇ. ಚರ್ಮದ ಹಾಗೆ ಇವು ಹೊಸದಾಗಿ ಹುಟ್ಟುವುದಿಲ್ಲ. ಕೋಳಿಮರಿಗಳಲ್ಲಿ ಹಾನಿಯಾದ ಕೂದಲು ಕೋಶಗಳು ಮತ್ತೆ ಬೆಳೆಯುತ್ತವೆ ಎಂದು 1980ರ ದಶಕದಲ್ಲಿ ಗೊತ್ತಾಯಿತು. ಮನುಷ್ಯರ ಕಾಕ್ಲಿಯಾಕ್ಕೆ ಆ ಶಕ್ತಿ ಇಲ್ಲ.

ಡಿಜೆ, ಪಟಾಕಿ, ಕಾರ್ಖಾನೆಯ ಯಂತ್ರ, ಇಯರ್‌ಫೋನಿನ ಜೋರು ಸದ್ದು, ಕೆಲವು ಔಷಧಗಳು ಮತ್ತು ವಯಸ್ಸು ಈ ಕೋಶಗಳನ್ನು ಕೊಲ್ಲುತ್ತವೆ. ಸಾಮಾನ್ಯವಾಗಿ ಮೊದಲು ಹೋಗುವುದು ಬುಡದ ಕಡೆಯ ಹೊರಕೋಶಗಳು, ಅಂದರೆ ಕೀರಲು ಶಬ್ದ ಹಿಡಿಯುವವು. ಮಾತಿನಲ್ಲಿ ಸ್ವರಗಳಿಗಿಂತ ಸ, ಶ, ಕ, ತ ಮುಂತಾದ ವ್ಯಂಜನಗಳಿಗೆ ಈ ಭಾಗ ಹೆಚ್ಚು ಬೇಕು. ಆದ್ದರಿಂದಲೇ ಮನೆಯ ಹಿರಿಯರು ಮಾತು ಕೇಳಿಸುತ್ತೆ, ಏನು ಅಂತ ಗೊತ್ತಾಗಲ್ಲ ಎನ್ನುತ್ತಾರೆ. ಹಾಲು, ಕಾಲು, ಪಾಲು, ಸಾಲು ಎಲ್ಲವೂ ಅವರಿಗೆ ಒಂದೇ ಥರ ಕೇಳಬಹುದು. ಆಗ ಬೇಕಾದದ್ದು ಶ್ರವಣ ಪರೀಕ್ಷೆ. ಉಳಿದ ಕೋಶಗಳಿಗೆ ಶ್ರವಣ ಸಾಧನ ನೆರವಾಗುತ್ತದೆ. ಕೋಶಗಳು ಬಹುತೇಕ ಹೋಗಿದ್ದರೆ ಕಾಕ್ಲಿಯರ್ ಇಂಪ್ಲಾಂಟ್ ಅವುಗಳನ್ನು ಬಿಟ್ಟು ನೇರವಾಗಿ ನರಕ್ಕೇ ಸಂಕೇತ ಕೊಡುತ್ತದೆ.

ಬಿಸಿ ಎಣ್ಣೆ ಬಿಟ್ಟರೆ ತಲೆ ಸುತ್ತುವುದೇಕೆ?

ಕಾಕ್ಲಿಯಾದ ಪಕ್ಕದಲ್ಲೇ ದ್ರವ ತುಂಬಿದ ಮೂರು ಅರ್ಧವೃತ್ತದ ನಾಳಗಳಿವೆ. ತಲೆ ತಿರುಗಿದ್ದನ್ನು ತಿಳಿಸುವುದು ಇವುಗಳ ಕೆಲಸ. ಕಿವಿಗೆ ತುಂಬಾ ಬಿಸಿ ಅಥವಾ ತಣ್ಣನೆಯ ದ್ರವ ಹಾಕಿದರೆ ಆ ತಾಪ ಮೂಳೆಯ ಮೂಲಕ ಒಳಗೆ ಹರಡಿ ನಾಳದ ದ್ರವ ಚಲಿಸುತ್ತದೆ. ತಲೆ ಅಲುಗದಿದ್ದರೂ ತಿರುಗಿದಂತೆ ಮಿದುಳಿಗೆ ಅನಿಸುತ್ತದೆ. ರಾಬರ್ಟ್ ಬಾರಾನಿ ಇದನ್ನೇ ಒಂದು ಪರೀಕ್ಷೆಯಾಗಿ ರೂಪಿಸಿದರು. ಅವರಿಗೆ 1914ರ ನೊಬೆಲ್ ಸಂದಿದೆ. ಬಿಸಿ ಎಣ್ಣೆ ಬಿಟ್ಟಾಗ ಬರುವ ತಲೆಸುತ್ತು ನರ ಚುರುಕಾದ ಗುರುತಲ್ಲ. ಎಣ್ಣೆ ಇನ್ನಷ್ಟು ಬಿಸಿಯಿದ್ದರೆ ತೆಳು ಚರ್ಮ ಮತ್ತು ತಮಟೆ ಸುಡುತ್ತವೆ.

ಹಾಗಾದರೆ ಎಣ್ಣೆಯಿಂದ ಏನೂ ಉಪಯೋಗವಿಲ್ಲವೇ?

ಎರಡು ಉಪಯೋಗಗಳಿವೆ. ಗಟ್ಟಿಯಾದ ಗುಗ್ಗೆಯನ್ನು ಮೆತ್ತಗೆ ಮಾಡಲು ಎಣ್ಣೆ ನೆರವಾಗುತ್ತದೆ. ಗುಗ್ಗೆ ಅಡ್ಡವಾಗಿ ಕಿವಿ ಮಂದವಾಗಿದ್ದವರಿಗೆ ಅದು ಹೋದ ಮೇಲೆ ಚೆನ್ನಾಗಿ ಕೇಳುತ್ತದೆ. ಎಣ್ಣೆಯಿಂದ ಕಿವುಡು ಹೋಯಿತು ಎನ್ನುವ ಅನುಭವದ ಕಥೆಗಳು ಹುಟ್ಟುವುದು ಬಹುಶಃ ಇಲ್ಲಿಂದಲೇ. ಇನ್ನೊಂದು, ಜೀವಂತ ಹುಳ ಕಿವಿಗೆ ಹೊಕ್ಕಾಗ ಎಣ್ಣೆ ಬಿಟ್ಟರೆ ಅದರ ಓಡಾಟ ನಿಲ್ಲುತ್ತದೆ, ಆಮೇಲೆ ವೈದ್ಯರಿಂದ ತೆಗೆಸಬಹುದು. ಎರಡೂ ಸಂದರ್ಭದಲ್ಲಿ ಎಣ್ಣೆ ಬಿಸಿ ಇರಬಾರದು, ತಮಟೆಯಲ್ಲಿ ತೂತಿರಬಾರದು, ಕಿವಿ ಸೋರುತ್ತಿರಬಾರದು.

ಯಾವಾಗ ತಡಮಾಡಬಾರದು?

• ಬೆಳಗ್ಗೆ ಎದ್ದಾಗ ಅಥವಾ ಇದ್ದಕ್ಕಿದ್ದಂತೆ ಒಂದು ಕಿವಿ ಕೇಳದಿದ್ದರೆ ಅದನ್ನು ತುರ್ತು ಎಂದೇ ತಿಳಿಯಿರಿ. ಒಳಗಿವಿಯ ಹಾನಿಯಿಂದ ಹೀಗಾಗಿದ್ದರೆ ಮೊದಲ ಕೆಲವು ದಿನಗಳಲ್ಲೇ ಸ್ಟಿರಾಯ್ಡ್ ಚಿಕಿತ್ಸೆ ಶುರುವಾಗಬೇಕು. ಎಣ್ಣೆ ಬಿಟ್ಟು ಎರಡು ವಾರ ಕಾದರೆ ಆ ಅವಕಾಶವೇ ಕೈತಪ್ಪಬಹುದು.
• ಕಿವಿಯಿಂದ ಕೆಟ್ಟ ವಾಸನೆಯ ಕೀವು ಬರುತ್ತಿದ್ದರೆ, ಮುಖ ಒಂದು ಕಡೆ ವಾಲಿದರೆ ಅಥವಾ ಕಿವಿಯ ಹಿಂದೆ ಊತ ಬಂದರೆ ಕೂಡಲೇ ವೈದ್ಯರನ್ನು ನೋಡಿ.
• ಮಗು ದೊಡ್ಡ ಸದ್ದಿಗೂ ಬೆಚ್ಚದಿದ್ದರೆ, ದೊಡ್ಡದಾದ ಮೇಲೆ ಸರಿಹೋಗುತ್ತದೆ ಎಂದು ಕಾಯಬೇಡಿ. ಆರೋಗ್ಯವಂತ ಹೊರಕೋಶಗಳು ತಾವೇ ಸಣ್ಣ ಸದ್ದನ್ನು ಹೊರಸೂಸುತ್ತವೆ ಎಂದು 1978ರಲ್ಲಿ ಡೇವಿಡ್ ಕೆಂಪ್ ತೋರಿಸಿದರು. ಆ ಸದ್ದನ್ನು ಹಿಡಿಯುವ ಯಂತ್ರದಿಂದ ಮಲಗಿರುವ ಹಸುಗೂಸಿನ ಕಿವಿಯನ್ನೂ ಕೆಲವೇ ನಿಮಿಷದಲ್ಲಿ ನೋವಿಲ್ಲದೆ ಪರೀಕ್ಷಿಸಬಹುದು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಸೇರಿದಂತೆ ಹಲವು ಕಡೆ ಈ ಪರೀಕ್ಷೆ ಲಭ್ಯ. ತೊಂದರೆ ಇದ್ದರೆ ಆರು ತಿಂಗಳೊಳಗೆ ನೆರವು ಶುರುವಾದ ಮಕ್ಕಳು ಮಾತು ಕಲಿಯುವುದು ಸುಲಭ.

ಇನ್ನು ಇಯರ್‌ಫೋನ್ ಬಳಸುವವರಿಗೆ ಒಂದು ಲೆಕ್ಕ. ದೊಡ್ಡವರಿಗೆ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಮಿತಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸದ್ದು ಹೆಚ್ಚಿದಷ್ಟೂ ಈ ಸಮಯ ಬೇಗ ಕರಗುತ್ತದೆ.

ಮುಂದಿನ ಸಲ ಗುಂಪಿನಲ್ಲಿ ಕಿವಿಗೆ ಹನಿ ಬಿಡುವ ಸಂದೇಶ ಬಂದಾಗ ಒಂದೇ ಪ್ರಶ್ನೆ ಕೇಳಿ: ಇದು ತಮಟೆ ದಾಟುವುದು ಹೇಗೆ? ಉತ್ತರ ಇಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ. ಮನೆಯಲ್ಲಿ ಟಿವಿ ಸದ್ದು ದಿನೇ ದಿನೇ ಏರಿಸುತ್ತಿರುವ ಹಿರಿಯರಿದ್ದರೆ ಅವರನ್ನು ಶ್ರವಣ ಪರೀಕ್ಷೆಗೆ ಕರೆದುಕೊಂಡು ಹೋಗಿ.