ಕೋಲಾರ ಸೀಮೆ: ನೆಲ, ನೀರು ಮತ್ತು ಸಮಾಜ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳು ಕರ್ನಾಟಕದ ಪೂರ್ವ ಅಂಚಿನ ಬಯಲುಸೀಮೆಯಲ್ಲಿವೆ. ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ ಎರಡೂ ಮಳೆಯನ್ನೇ ನಂಬಿದ ಹೊಳೆಗಳು. ಆದ್ದರಿಂದ ಏರಿಳಿತದ ಕಲ್ಲುನೆಲದಲ್ಲಿ ಜನ ಸಾಲುಕೆರೆಗಳನ್ನು ಕಟ್ಟಿದರು: ಮೇಲಿನದು ಕೋಡಿ ಹರಿದರೆ ಕೆಳಗಿನದು ತುಂಬುತ್ತದೆ. ನೀರು ಹಂಚಲು ನೀರಗಂಟಿ, ಹೂಳೆತ್ತಲು ಊರೊಟ್ಟಿನ ದುಡಿಮೆ ಬೇಕಾದವು. ಹೀಗೆ ನೆಲದ ಸ್ವಭಾವ ಊರಿನ ಕಟ್ಟುಪಾಡನ್ನೂ ರೂಪಿಸಿತು. ಆಂಧ್ರ, ತಮಿಳುನಾಡಿನ ಗಡಿ ಶಿಕ್ಷಣವನ್ನು ರೂಪಿಸಿತು: ಅನೇಕ ಮಕ್ಕಳಿಗೆ ಮನೆಮಾತು ತೆಲುಗು ಇಲ್ಲವೇ ತಮಿಳು, ಶಾಲೆಯ ಮಾತು ಕನ್ನಡ. ಇದು ಕೊರತೆಯಾಗಬೇಕಿಲ್ಲ: ಮಾಲೂರು ತಾಲ್ಲೂಕಿನ ತಮಿಳು ಮನೆಮಾತಿನ ಕುಟುಂಬದಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಕನ್ನಡ ಸಣ್ಣಕಥೆಗೆ ಬುನಾದಿ ಹಾಕಿದರು.

ಹಾಗಾದರೆ ಭೂಗೋಳವೇ ಹಣೆಬರಹವೇ? ಅಲ್ಲ. ನೆಲ ಅದೇ ಇದ್ದರೂ ಕೊಳವೆಬಾವಿಗಳು ಹೆಚ್ಚಿದಂತೆ ಕೆರೆಗಳ ಆರೈಕೆ ತಪ್ಪಿತು, ಅಂತರ್ಜಲ ಪಾತಾಳಕ್ಕಿಳಿಯಿತು. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರು ಇಲ್ಲಿನ ಕೆರೆಗಳಿಗೆ ಬರುತ್ತಿದೆ. ಆ ನೀರಿನ ಗುಣಮಟ್ಟದ ಬಗ್ಗೆ ಎದ್ದಿರುವ ಆಕ್ಷೇಪಗಳು ಗಂಭೀರವಾದವೇ. ಆದರೆ ನೀರು ಬಂದ ಮಾತ್ರಕ್ಕೆ ತಂತ್ರಜ್ಞಾನ ಭೂಗೋಳವನ್ನು ಗೆದ್ದಿತೆನ್ನಲಾಗದು. ಹೊಸ ನೀರು ಹರಿಯುವುದೂ ಹಿಂದಿನವರು ಇಳಿಜಾರು ನೋಡಿ ಕಟ್ಟಿದ ಅದೇ ಕೆರೆಸಾಲಿನಲ್ಲಿ. ನೆಲ ಮಿತಿಯನ್ನು ಹಾಕುತ್ತದೆ, ಆ ಮಿತಿಯೊಳಗೆ ಬಾಳುವ ಬಗೆಯನ್ನು ಸಮಾಜ ಆರಿಸಿಕೊಳ್ಳುತ್ತದೆ. ಇಲ್ಲಿನ ಶಾಲೆಗಳಲ್ಲಿ ಭೂಗೋಳದ ಪಾಠ ಊರಕೆರೆಯಿಂದಲೇ ಮೊದಲಾಗಬೇಕು.