ಸೋಗೆ, ಹಂಚು, ತಾರಸಿ: ಅಪ್ಪನ ಮನೆ ಮಾಡಿನ ಕತೆ

ಕಳುದ ವರ್ಷ ಆಟಿಲಿ ಅಪ್ಪನ ಮನೆಗೆ ಹೋಗಿತ್ತಿದ್ದೆ. ಒಂದು ಇರುಳು ಎನಗೆ ಒರಕ್ಕೇ ಬೈಂದಿಲ್ಲೆ. ಮಳೆಯ ಶಬ್ದಕ್ಕಲ್ಲ, ಅದು ಹುಟ್ಟಿದ ಲಾಗಾಯ್ತು ಕೇಳಿದ ಶಬ್ದವೇ. ಚಾವಡಿಲಿ ಮಡಗಿದ ಅಳಗೆ, ಬಾಲ್ದಿ, ಚೆರಿಗೆಗೆಲ್ಲ ಟಪ್ ಟಪ್ ಹೇಳಿ ನೀರು ಬಿದ್ದೊಂಡಿತ್ತು. ಎಣಿಸಿದೆ, ಏಳು ದಿಕ್ಕೆ. ಅಮ್ಮಂಗೆ ಎಪ್ಪತ್ತೈದು ಕಳುತ್ತು. ಇರುಳು ಎರಡು ಸರ್ತಿ ಎದ್ದು, ತುಂಬಿದ ಪಾತ್ರದ ನೀರು ಜಾಲಿಂಗೆ ಚೆಲ್ಲಿಕ್ಕಿ ಬಂದು ಮನುಗಿತ್ತು. ಎನ್ನ ಏಳ್ಲೆ ಬಿಟ್ಟಿದಿಲ್ಲೆ.

ಉದಿಯಪ್ಪಗ ಬೆಂಗ್ಳೂರಿಲಿಪ್ಪ ತಮ್ಮಂಗೆ ಫೋನು ಮಾಡಿದೆ. "ಅಕ್ಕಾ, ಈ ಹಂಚಿನ ಸಹವಾಸ ಸಾಕು. ಪೂರಾ ತೆಗದು ತಾರಸಿ ಹಾಕುಸುವೊ°. ಹಂಚು ಹಾಕಿರೆ ವರ್ಷವೂ ಮಾಡಿಂಗೆ ಹತ್ತುದು ಆರು?" ಹೇಳಿ ಕೇಳಿದ°. ಕೇಳಿದ್ದರಲ್ಲಿ ತಪ್ಪಿಲ್ಲೆ. ಅಪ್ಪ° ಇಪ್ಪಗ ಅವ್ವೇ ಹತ್ತುಗು. ಅವು ಹೋಗಿ ಐದು ವರ್ಷ ಆತು. ಅಮ್ಮನತ್ರೆ ಹೇಳಿದೆ. ಅದು ಒಂದೇ ಮಾತು ಹೇಳಿತ್ತು: "ತಾರಸಿ ಆದರೆ ಆನು ಇಲ್ಲಿ ಇರ್ತಿಲ್ಲೆ. ಅಟ್ಟುಂಬೊಳದ ಸೆಕೆ ಎನಗೆ ಗೊಂತಿದ್ದು."

ಇಬ್ರ ಮಾತೂ ಸರಿಯೇ. ನಡುಗೆ ಸಿಕ್ಕಿಹಾಕಿಗೊಂಡದು ಆನು. ಹಾಂಗಾಗಿ ನಮ್ಮ ಊರಿನ ಮಾಡಿನ ಚರಿತ್ರೆಯನ್ನೇ ಸುರುವಿಂದ ತಿಳ್ಕೊಂಬೊ° ಹೇಳಿ ಹೆರಟೆ. ರಜ ದೊಡ್ಡಮ್ಮನತ್ರೆ ಕೇಳಿದ್ದು, ರಜ ಆಚಾರಿಯತ್ರೆ, ರಜ ಪುಸ್ತಕಲ್ಲಿ ಓದಿದ್ದು. ಅಕ್ಕಂದ್ರೆ, ಚಿಕ್ಕಮ್ಮಂದ್ರೆ, ನಿಂಗಳ ಮನೆಲಿಯೂ ಇದೇ ಚರ್ಚೆ ಇಕ್ಕು, ಅದಕ್ಕೆ ಬರೆತ್ತಾ ಇದ್ದೆ.

ಮದಲು ಹೆಚ್ಚಿನ ಮನೆಗೊ ಮುಳಿಹುಲ್ಲಿನ ಮಾಡಿಂದು, ಇಲ್ಲದ್ದರೆ ಅಡಕ್ಕೆ ಸೋಗೆದು. ಕಡಲ ಹೊಡೆಲಿ ತೆಂಗಿನ ಮಡಲು. ಮಾಡು ಭಾರೀ ಇಳಿಜಾರು, ಇಳಿಮಾಡು ಗೋಡೆಂದ ಎಷ್ಟೋ ಮುಂದೆ ಬಪ್ಪದು, ಬಗ್ಗಿಗೊಂಡೇ ಒಳ ಹೋಯೆಕ್ಕು. ಅದಕ್ಕೆ ಕಾರಣ ಇದ್ದು. ನಮ್ಮಲ್ಲಿ ವರ್ಷಕ್ಕೆ 3,500 ಮಿಲ್ಲಿಮೀಟರಿಂದ ಹೆಚ್ಚು ಮಳೆ, ಅದರ ಬಹುಪಾಲು ನಾಲ್ಕೇ ತಿಂಗಳಿಲಿ. ಗೋಡೆ ಮಣ್ಣಿಂದು. ನೀರು ಮಾಡಿಲಿ ನಿಂದರೆ ಹುಲ್ಲು ಕುಂಬು ಆವುತ್ತು, ಗೋಡೆಗೆ ಬಡುದರೆ ಮನೆಯೇ ಕರಗುತ್ತು. ಹಾಂಗಾಗಿ ನೀರಿನ ಬೇಗ ಇಳುಶೆಕ್ಕು, ದೂರ ಬೀಳ್ಸೆಕ್ಕು. ಇವೆರಡೇ ಸೂತ್ರ.

ಸೋಗೆ ಮಾಡಿನ ಅಡಿ ತಂಪೋ ತಂಪು. ಆದರೆ ಪ್ರತಿ ವರ್ಷ ಪತ್ತನಾಜೆಯ ಮದಲು ಹಳತ್ತು ತೆಗದು ಹೊಸತ್ತು ಹೊದೆಶೆಕ್ಕು. ನೆರೆಕರೆಯವು ಸೇರಿ ಇಂದು ನಿಂಗಳಲ್ಲಿ, ನಾಳೆ ಎಂಗಳಲ್ಲಿ ಹೇಳಿ ಮಾಡುದು. "ಮಾಡಿನ ಮೇಗೆ ಗೆಂಡುಮಕ್ಕೊ. ಸೋಗೆ ಎಳದು ತಪ್ಪದು, ಕಟ್ಟ ಮಾಡುದು, ಅಷ್ಟು ಜನಕ್ಕೆ ಬೇಶುದು ಎಂಗೊ" ಹೇಳಿ ದೊಡ್ಡಮ್ಮ ನೆಗೆ ಮಾಡಿತ್ತು. ಮತ್ತೆ ನೆಗೆ ನಿಲ್ಸಿ ಹೇಳಿತ್ತು: "ಕಿಚ್ಚಿನ ಹೆದರಿಕೆ ಒಂದು ಇತ್ತು ಮಗಳೇ. ಬೇಶಗೆಲಿ ಒಲೆ ಪೂರಾ ನಂದುಸಿದ್ದೋ ಹೇಳಿ ನೋಡದ್ದೆ ಆರೂ ಮನುಗವು."

ಆ ಹೆದರಿಕೆಯ ತೆಗದ್ದು ಹಂಚು. ಬಾಸೆಲ್ ಮಿಶನಿನವು ಮಂಗ್ಳೂರಿಂಗೆ ಬಂದದು 1834ರಲ್ಲಿ. ಮತಾಂತರ ಆದವಕ್ಕೆ ಜಾತಿಯವರ ಆಸರೆಯೂ ಕುಲಕಸುಬೂ ತಪ್ಪಿ ಹೋಪಗ, ಅವಕ್ಕೆ ಕೆಲಸ ಕೊಡ್ಲೆ ಬೇಕಾಗಿ ಮಿಶನು ನೇಯ್ಗೆ, ಛಾಪಖಾನೆ ಎಲ್ಲ ಸುರು ಮಾಡಿತ್ತು. ಜಾರ್ಜ್ ಪ್ಲೆಬ್‌ಸ್ಟ್ ಹೇಳ್ತ ಜರ್ಮನಿಯವ° 1865ರಲ್ಲಿ ನೇತ್ರಾವತಿ ಕರೆಯ ಜೆಪ್ಪುವಿಲಿ ಹಂಚಿನ ಕಾರ್ಖಾನೆ ಸುರು ಮಾಡಿದ°. ಒಂದಕ್ಕೊಂದು ಕಚ್ಚಿಗೊಂಬ ಹಂಚಿನ ಉಪಾಯ ಅವಂದಲ್ಲ. ಅದರ ಅಲ್ಸಾಸಿನ ಗಿಲಾರ್ದೊನಿ ಅಣ್ಣತಮ್ಮಂದ್ರು 1841ರಲ್ಲಿ ಕಂಡುಹಿಡುದ್ದು. ಆದರೆ ಅದಕ್ಕೆ ಬೇಕಾದ್ದೆಲ್ಲ ಇಲ್ಲಿ ಇತ್ತು: ಹೊಳೆಕರೆಯ ಆವೆ ಮಣ್ಣು, ಸುಡ್ಲೆ ಸೌದಿ, ಸಾಗುಸಲೆ ದೋಣಿ, ಬಂದರು. ಕೆಲವೇ ವರ್ಷಲ್ಲಿ ಊರವರದ್ದೇ ಕಾರ್ಖಾನೆಗೊ ಎದ್ದವು, ಹಂಚು ಕಡಲು ದಾಂಟಿ ಆಫ್ರಿಕದವರೆಗೂ ಹೋತು. ಆ ಕಾರ್ಖಾನೆಗಳಲ್ಲಿ ಮಣ್ಣು, ಹಂಚು ಹೊತ್ತವರಲ್ಲಿ ಹೆಮ್ಮಕ್ಕಳೂ ಸುಮಾರು ಜನ. 1914ರಲ್ಲಿ ಸುರುವಾದ ಮಹಾಯುದ್ಧಲ್ಲಿ ಮಿಶನಿನ ಕಾರ್ಖಾನೆಗಳ ಬ್ರಿಟಿಷರು ವಶ ಮಾಡಿಗೊಂಡವು. ಹಂಚು ಮಾಂತ್ರ ನಿಂದಿದಿಲ್ಲೆ.

ಇದರಲ್ಲಿ ನೋಡೆಕ್ಕಾದ ವಿಷಯ ಎಂತ ಹೇಳಿರೆ, ಹಂಚು ಸೋಗೆಯ ಸೂತ್ರವ ಬಿಟ್ಟಿದಿಲ್ಲೆ. ಇಳಿಜಾರು ಹಾಂಗೇ, ಇಳಿಮಾಡು ಹಾಂಗೇ. ಒಂದು ಹಂಚಿನ ಏಣು ಇನ್ನೊಂದರ ಗಾಡಿಲಿ ಕೂಪ ಕಾರಣ ಮಳೆನೀರು ಒಳ ಬತ್ತಿಲ್ಲೆ. ಎಡೆಲಿ ಗಾಳಿ ಆಡ್ತು, ಅಟ್ಟುಂಬೊಳದ ಹೊಗೆಯೂ ಬೆಶಿಯೂ ಮೇಗಂದಲೇ ಹೋವುತ್ತು. ಒಂದು ಒಡದರೆ ಒಂದನ್ನೇ ಬದಲುಸಿರೆ ಸಾಕು. ಆದರೆ ಭಾರ ಇದ್ದು. ಒಂದು ಹಂಚು ಎರಡು-ಮೂರು ಕಿಲೊ. 100 ಚದರಡಿಗೆ ಸುಮಾರು 150 ಹಂಚು ಬೇಕು. ಹೇಳಿರೆ 300 ಕಿಲೊಂದ ಹೆಚ್ಚು. ಅಷ್ಟರ ಹೊರುದು ಅಡಿಯ ಪಕ್ಕಾಸು, ರೀಪು.

ಎಂಗಳ ಮನೆಗೆ ಹಂಚು ಬಂದದು ಅಜ್ಜನ ಕಾಲಲ್ಲಿ, 1952ರಲ್ಲಿ. ಅಡಕ್ಕೆ ಮಾರಿದ ಪೈಸೆಲಿ ಸುರುವಿಂಗೆ ಚಾವಡಿಗೆ ಮಾಂತ್ರ, ಹಟ್ಟಿಗೆ ಮತ್ತೆಯೂ ಸೋಗೆಯೇ.

ಮತ್ತೆ ಬಂತು ತಾರಸಿ. 1986ರಲ್ಲಿ ಅಪ್ಪ° ಅಟ್ಟುಂಬೊಳದ ಹಂಚು ತೆಗೆಶಿ ಕಾಂಕ್ರೀಟು ಹಾಕುಸಿದವು. ಅಡಕ್ಕೆ ಒಣಗುಸಲೆ ಜಾಗೆ ಆತು, ನೋಡ್ಲೂ ಚೆಂದ, ಇನ್ನು ಮಾಡಿಂಗೆ ಹತ್ತುವ ಕೆಲಸ ಇಲ್ಲೆ ಹೇಳಿ ಎಲ್ಲೋರಿಂಗೂ ಕೊಶಿ. ನಾಲ್ಕು ಮಳೆಗಾಲ ಕಳಿವಗ ಮೂಲೆಲಿ ಪಸೆ ಕಂಡತ್ತು. ಸಪಾಟು ಜಾಗೆಲಿ ನೀರು ನಿಂದು, ಸಣ್ಣ ಬಿರುಕಿಲಿ ಇಳುದು, ಒಳಾಣ ಕಬ್ಬಿಣಕ್ಕೆ ತುರ್ಕು ಹಿಡುದು, ತುರ್ಕು ಉಬ್ಬಿ ಸಿಮೆಂಟು ಚಕ್ಕೆ ಚಕ್ಕೆ ಉದುರಿತ್ತು. ಬೇಶಗೆಲಿ ಹಗಲಿಡೀ ಕುಡುದ ಬೆಶಿಯ ಅದು ಇರುಳು ಒಳಂಗೆ ಬಿಡ್ತು. ಅಮ್ಮ ಹೇಳಿದ ಸೆಕೆ ಅದೇ. ಈಗ ಪುತ್ತೂರು, ಮಂಗ್ಳೂರು ಹೊಡೆಲಿ ನೋಡಿ, ತಾರಸಿ ಮೇಗೆ ಕಬ್ಬಿಣ ನಿಲ್ಸಿ ಇಳಿಜಾರು ಶೀಟು ಹಾಕಿದ ಮನೆಗೊ ಎಷ್ಟಿದ್ದು! ಮಾಡಿಂಗೇ ಕೊಡೆ ಹಿಡುದ ಹಾಂಗೆ. ಬಿಟ್ಟ ಇಳಿಜಾರಿನ ಮಳೆಯೇ ತಿರುಗಿ ತರುಸಿದ್ದು.

ಇಷ್ಟು ಗೊಂತಾದ ಮೇಗೆ ತಮ್ಮನನ್ನೂ ಬಪ್ಪಲೆ ಹೇಳಿ ಆಚಾರಿಯ ಮಾಡಿಂಗೆ ಹತ್ತುಸಿದೆಯೊ°. ಏಳು ದಿಕ್ಕೆ ಸೋರುದರಲ್ಲಿ ಹಂಚು ಒಡದ್ದು ಎರಡೇ ದಿಕ್ಕೆ, ಅದೂ ಮಂಗಂಗೊ ಹಾರಿ. ಒಳುದ್ದರಲ್ಲಿ ಹಂಚಿನ ತಪ್ಪೇ ಇಲ್ಲೆ. ಪಕ್ಕಾಸಿನ ಕೊಡಿ ಒರಳೆ ತಿಂದು ಕುಂಬಾಗಿ, ರೀಪು ಬಗ್ಗಿ, ಹಂಚಿನ ಕಚ್ಚು ಬಿಟ್ಟಿತ್ತು. ಎರಡು ಮಾಡು ಸೇರುವ ಮೂಲೆಲಿ ಹಲಸಿನ ಎಲೆ ತುಂಬಿ ನೀರು ಕಟ್ಟಿತ್ತು. ಎಂಗೊ ಬೈದ್ದು ಹಂಚಿಂಗೆ, ಹಾಳಾದ್ದು ಅಡಿಯಾಣ ಮರ.

ಈ ವರ್ಷ ಮಾರ್ಚಿಲಿ ಕೆಲಸ ಸುರು ಮಾಡಿದೆಯೊ°. ಹಂಚಿನ ಒಂದೊಂದೇ ಇಳುಶಿ, ಪಾಚಿ ತಿಕ್ಕಿ, ಬೆರಳಿಲಿ ಬಡುದು ನೋಡಿದ್ದು. ಟಣ್ ಹೇಳಿರೆ ಗಟ್ಟಿ, ಡಬ್ ಹೇಳಿರೆ ಬಿರುಕು. ಅಮ್ಮ ಕುರ್ಚಿಲಿ ಕೂದುಗೊಂಡು ಸುಮಾರು ಹಂಚು ತಾನೇ ಬಡುದು ನೋಡಿತ್ತು. ಎಪ್ಪತ್ತು ವರ್ಷದ ಹಂಚುಗಳಲ್ಲಿ ಮುಕ್ಕಾಲು ಪಾಲು ಟಣ್ ಹೇಳಿತ್ತು. ಒಂದು ಕಾರ್ಖಾನೆಯ ಹಂಚು ಇನ್ನೊಂದರದ್ದಕ್ಕೆ ಸರಿ ಕಚ್ಚುತ್ತಿಲ್ಲೆ. ಹಾಂಗಾಗಿ ಬೆರಸಿದ್ದಿಲ್ಲೆ, ಗಾಳಿಮಳೆ ಬಡಿವ ಪಡು ಹೊಡೆಗೆ ಹೊಸತ್ತು, ಮೂಡು ಹೊಡೆಗೆ ಹಳತ್ತು. ಪಕ್ಕಾಸಿಂಗೆ ತಮ್ಮ° ಹೇಳಿದ ಹಾಂಗೆ ಕಬ್ಬಿಣದ ಪೈಪು, ಎರಡು ಕೋಟು ಪೈಂಟು ಕೊಟ್ಟು. ಒರಳೆಯ ನೋಡಿಗೊಂಬಲೆ ಮನೆಲಿ ಜನ ಇಲ್ಲೆನ್ನೆ? ಇಳಿಜಾರಿನ ಕಮ್ಮಿ ಮಾಡ್ಲೆ ಬಿಟ್ಟಿದಿಲ್ಲೆ, ಇಳಿಮಾಡಿನ ಗೋಡೆಂದ ಮೂರಡಿ ಹೆರ ತೆಗದೆಯೊ°. ಕರೆಯ ಎರಡು ಸಾಲು ಹಂಚಿನ ತಂತಿಲಿ ಕಟ್ಟಿದ್ದು. ಅಟ್ಟುಂಬೊಳದ ತಾರಸಿಯ ಮೇಗೆ ಶೀಟೇ ಬಂತು, ಅದಕ್ಕಿಂತ ಹೆಚ್ಚಿಂಗೆ ಪೈಸೆ ಇತ್ತಿಲ್ಲೆ. ಮಳೆ ಬಪ್ಪಗ ಅಲ್ಲಿ ಮಾತಾಡಿರೆ ಕೇಳ್ತಿಲ್ಲೆ.

ತಮ್ಮ° ಕೇಳಿದ ಪ್ರಶ್ನೆಗೆ ಮಾಂತ್ರ ಯಾವ ಚರಿತ್ರೆಲಿಯೂ ಉತ್ತರ ಸಿಕ್ಕಿದ್ದಿಲ್ಲೆ. ಹತ್ತುದು ಆರು? ಸೋಗೆಯ ಕಾಲಲ್ಲಿ ಇಡೀ ಊರು ಹತ್ತಿತ್ತು, ಹಂಚಿನ ಕಾಲಲ್ಲಿ ಅಪ್ಪ° ಹತ್ತಿದವು. ಈಗ ಕೆಲೆಂಡರಿಲಿ ಮೇ ತಿಂಗಳ ಎರಡನೇ ಆದಿತ್ಯವಾರಕ್ಕೆ ವೃತ್ತ ಹಾಕಿ ಮಡಗಿದ್ದೆ. ಒಂದು ವರ್ಷ ಆನು, ಒಂದು ವರ್ಷ ತಮ್ಮ°, ಆಚಾರಿಯ ಕರಕ್ಕೊಂಡು ಹೋಪದು, ಮೂಲೆಯ ಎಲೆ ತೆಗೆಶುದು. ಅಷ್ಟು ಎಡಿಯದ್ದರೆ ಯಾವ ಮಾಡೂ ನಿಲ್ಲ.

ಮೊನ್ನೆ ಜೋರು ಮಳೆಗೆ ಅಮ್ಮಂಗೆ ಫೋನು ಮಾಡಿದೆ. "ಒಂದು ದಿಕ್ಕೆ ಬೀಳ್ತು, ಹಂಚೂ ತಾರಸಿಯೂ ಸೇರುವಲ್ಲಿ. ಒಂದು ಚೆರಿಗೆ ಮಡಗಿದ್ದೆ" ಹೇಳಿತ್ತು. ಇರುಳು ಏಳೆಕ್ಕಾವುತ್ತೋ ಕೇಳಿದೆ. "ಇಲ್ಲೆ, ಉದಿಯಪ್ಪಗ ಅರ್ಧ ಚೆರಿಗೆ ಅಷ್ಟೆ. ಗೆಡುಗೊಕ್ಕೆ ಎರೆತ್ತೆ" ಹೇಳಿತ್ತು.